ಮುಖದ ಮೇಲಿನ ಬೆಳಕು: ಮರ್ಲ್ ಓಬೆರಾನ್ ಮತ್ತು ಒಂದು ಆಸ್ಕರ್ ದಾಖಲೆ



2023ರ ಜನವರಿಯಲ್ಲಿ ಆಸ್ಕರ್ ಪ್ರಶಸ್ತಿಯ ನಾಮನಿರ್ದೇಶನಗಳು ಪ್ರಕಟವಾದಾಗ ಶ್ರೇಷ್ಠ ನಟಿಯರ ಪಟ್ಟಿಯಲ್ಲಿ ಮಲೇಷ್ಯಾದಲ್ಲಿ ಜನಿಸಿದ ಮಿಶೆಲ್ ಯೋ ಅವರ ಹೆಸರಿತ್ತು. ಈ ಪಟ್ಟಿಗೆ ಸೇರಿದ ಮೊದಲ ಏಷ್ಯನ್ ನಟಿ ಎಂದು ಬರೆದುಬಿಡುವುದು ಸುಲಭವಾಗಿತ್ತು. ಆದರೆ ಎಚ್ಚರಿಕೆಯ ಪತ್ರಕರ್ತರು ಹಾಗೆ ಬರೆಯಲಿಲ್ಲ. ತಾನು ಏಷ್ಯನ್ ಎಂದು ಹೇಳಿಕೊಂಡ ಮೊದಲ ನಟಿ ಎಂದು ಬರೆದರು. 'ಹೇಳಿಕೊಂಡ' ಎಂಬ ಆ ಒಂದು ಪದವನ್ನು ನಡುವೆ ಸೇರಿಸಬೇಕಾಗಿ ಬಂದದ್ದು, ಅದಕ್ಕೂ 87 ವರ್ಷ ಮೊದಲು ಅದೇ ಪಟ್ಟಿಯಲ್ಲಿದ್ದ ಇನ್ನೊಬ್ಬಳ ದೆಸೆಯಿಂದ. ಆಕೆ ಮುಂಬಯಿಯಲ್ಲಿ ಹುಟ್ಟಿ ಕಲ್ಕತ್ತೆಯಲ್ಲಿ ಬೆಳೆದವಳು. ಹೆಸರು ಮರ್ಲ್ ಓಬೆರಾನ್. ತನ್ನ ಹುಟ್ಟನ್ನು ಆಕೆ ಸಾಯುವವರೆಗೂ ಬಹಿರಂಗವಾಗಿ ಒಪ್ಪಿಕೊಳ್ಳಲಿಲ್ಲ. ಇಂದು ನಾವು ಈಕೆಯ ವಿಷಯವನ್ನು ಆರಿಸಿಕೊಂಡದ್ದು ಇದೇ ಕಾರಣಕ್ಕೆ. 'ನೀವು ಎಲ್ಲಿಯವರು?' ಎಂಬ ಪ್ರಶ್ನೆಯನ್ನು ಈ ಅಮೆರಿಕದಲ್ಲಿ ಒಮ್ಮೆಯೂ ಎದುರಿಸದವರು ಈ ಸಭಾಂಗಣದಲ್ಲಿ ಯಾರೂ ಇರಲಾರರು.

ಮರ್ಲ್ ಹುಟ್ಟಿದ್ದು 1911ರ ಫೆಬ್ರವರಿ 19ರಂದು. ಪೂರ್ಣ ಹೆಸರು ಎಸ್ಟೆಲ್ ಮರ್ಲ್ ಓಬ್ರಿಯೆನ್ ಥಾಂಪ್ಸನ್. ಕರೆಯುತ್ತಿದ್ದ ಹೆಸರು ಕ್ವೀನಿ. ತಂದೆ ಇಂಗ್ಲೆಂಡಿನಿಂದ ಬಂದು ಭಾರತದ ರೈಲ್ವೆಯಲ್ಲಿ ಕೆಲಸಕ್ಕಿದ್ದ ಎಂಜಿನಿಯರ್. ಸಾಕಿ ಬೆಳೆಸಿದವಳು ಸಿಂಹಳದಿಂದ ಬಂದ ಮಿಶ್ರ ವಂಶದ ಷಾರ್ಲಟ್ ಸೆಲ್ಬಿ. ಮರ್ಲ್ ಆಕೆಯನ್ನೇ ತಾಯಿಯೆಂದು ತಿಳಿದು ಬೆಳೆದಳು. ಮುಂದೆ ಮುಂಬಯಿಯಲ್ಲಿ ದೊರೆತ ಜನನಪತ್ರ ಬೇರೆಯೇ ಹೇಳುತ್ತದೆ: ಹೆತ್ತವಳು ಷಾರ್ಲಟ್‌ಳ ಮಗಳು ಕಾನ್‌ಸ್ಟನ್ಸ್, ಆಗಿನ್ನೂ ಬಾಲಕಿ. ಮನೆಯ ಮಾನ ಉಳಿಯಲೆಂದು ಅಜ್ಜಿ ತಾಯಿಯಾದಳು, ತಾಯಿ ಅಕ್ಕನಾದಳು. ಹೀಗೆ ಸ್ಟುಡಿಯೋಗಳು ಈಕೆಗೊಂದು ಕಟ್ಟುಕಥೆಯನ್ನು ಹೆಣೆಯುವುದಕ್ಕೆ ಬಹಳ ಮೊದಲೇ ತೊಟ್ಟಿಲಿನಲ್ಲಿಯೇ ಒಂದು ಕಥೆ ಸಿದ್ಧವಾಗಿತ್ತು.

ಆ ಕಾಲದ ಆಂಗ್ಲೋ ಇಂಡಿಯನ್ನರ ಪಾಡನ್ನು ಬೆಂಗಳೂರಿನ ದಂಡು ಪ್ರದೇಶವನ್ನೋ ಕೋಲಾರದ ಚಿನ್ನದ ಗಣಿಯನ್ನೋ ಬಲ್ಲ ಹಿರಿಯರಿಗೆ ನಾವು ವಿವರಿಸಬೇಕಾಗಿಲ್ಲ. ಇಂದು ಕಂಪ್ಯೂಟರ್ ಕಂಪನಿಗಳಿಂದ ತುಂಬಿರುವ ವೈಟ್‌ಫೀಲ್ಡ್ 1882ರಲ್ಲಿ ಸ್ಥಾಪನೆಯಾದದ್ದು ಈ ಜನರ ವಸಾಹತಾಗಿಯೇ. ಬ್ರಿಟಿಷರು ಇವರನ್ನು ತಮ್ಮ ಪಂಕ್ತಿಯಲ್ಲಿ ಕೂರಿಸಿಕೊಳ್ಳಲಿಲ್ಲ. ನಾವು ಭಾರತೀಯರೂ ಇವರನ್ನು ನಮ್ಮವರೆನ್ನಲಿಲ್ಲ. ಕಲ್ಕತ್ತೆಯ ಲಾ ಮಾರ್ಟಿನಿಯರ್ ಶಾಲೆಯಲ್ಲಿ ಸಹಪಾಠಿಗಳ ಮೂದಲಿಕೆಯನ್ನು ತಾಳಲಾರದೆ ಮರ್ಲ್ ಶಾಲೆ ಬಿಟ್ಟಳು. ಕೆಲಕಾಲ ಟೆಲಿಫೋನ್ ಆಪರೇಟರ್ ಆಗಿ ದುಡಿದಳು, ಹವ್ಯಾಸಿ ನಾಟಕ ಸಂಘದಲ್ಲಿ ಅಭಿನಯಿಸಿದಳು, 1920ರ ದಶಕದ ಕೊನೆಯಲ್ಲಿ ಷಾರ್ಲಟ್‌ಳೊಂದಿಗೆ ಹಡಗು ಹತ್ತಿ ಯೂರೋಪಿಗೆ ಹೋದಳು.

ಲಂಡನ್ನಿನಲ್ಲಿ ನೈಟ್‌ಕ್ಲಬ್ಬಿನ ನೌಕರಿ, ಚಿತ್ರಗಳಲ್ಲಿ ಹೆಸರಿಲ್ಲದ ಚಿಕ್ಕಪುಟ್ಟ ಪಾತ್ರಗಳು ಎಂದು ಕೆಲವು ವರ್ಷ ಕಳೆದವು. ಅನಂತರ ಆಕೆಯನ್ನು ಗುರುತಿಸಿದವನು ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ, ತಾನೂ ಹಂಗೆರಿಯಿಂದ ವಲಸೆ ಬಂದವನು. 1933ರ 'ದಿ ಪ್ರೈವೇಟ್ ಲೈಫ್ ಆಫ್ ಹೆನ್ರಿ ದಿ ಎಯ್ತ್' ಚಿತ್ರದಲ್ಲಿ ರಾಣಿ ಆನ್ ಬೊಲಿನ್‌ಳಾಗಿ ಮರ್ಲ್ ಕಾಣಿಸಿಕೊಳ್ಳುವುದು ಕೆಲವೇ ನಿಮಿಷ. ಆ ನಿಮಿಷಗಳು ಸಾಕಾದವು. ಆಗ ಪ್ರಚಾರಕ್ಕೊಂದು ಜೀವನವೃತ್ತಾಂತ ಬೇಕಾಯಿತು. ಆರಿಸಿದ ಜನ್ಮಸ್ಥಳ ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ಟಾಸ್ಮೇನಿಯಾ ದ್ವೀಪದ ಹೋಬಾರ್ಟ್. ಲಂಡನ್ನಿನಿಂದ ಅದು ಬಹಳ ದೂರದ ಬ್ರಿಟಿಷ್ ಊರು. ಹೋಗಿ ವಿಚಾರಿಸುವವರು ಯಾರು? ಜನನದ ದಾಖಲೆಗಳು ಬೆಂಕಿಯಲ್ಲಿ ಸುಟ್ಟುಹೋದವೆಂಬ ಮಾತೂ ಜೊತೆಗೆ ಸೇರಿತು. ಷಾರ್ಲಟ್ ಇಂಗ್ಲೆಂಡಿನಲ್ಲಿ ಮರ್ಲ್‌ಳ ಜೊತೆಯಲ್ಲಿಯೇ ಇದ್ದಳು. ಅತಿಥಿಗಳು ಬಂದಾಗ ಆಕೆಯನ್ನು ಮನೆಗೆಲಸದವಳೆಂದು ತೋರಿಸಲಾಗುತ್ತಿತ್ತೆಂದು ಜೀವನಚರಿತ್ರಕಾರರು ಬರೆದಿದ್ದಾರೆ.

ಇದನ್ನು ಕೇಳಿ ಸಿಟ್ಟಾಗುವುದು ಸಹಜ. ಆದರೆ ಆ ದಿನಗಳ ಅಮೆರಿಕದ ಕಾನೂನನ್ನೂ ಜೊತೆಗಿಟ್ಟು ನೋಡಬೇಕು. 1917ರ ವಲಸೆ ಕಾನೂನು ಏಷ್ಯಾದ ಬಹುಭಾಗಕ್ಕೆ ಬಾಗಿಲು ಮುಚ್ಚಿತ್ತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿಯೇ ಸೇವೆ ಸಲ್ಲಿಸಿದ್ದ ಭಗತ್ ಸಿಂಗ್ ಥಿಂಡ್ ಪೌರತ್ವ ಕೋರಿದಾಗ, ಭಾರತೀಯರು 'ಬಿಳಿಯರು' ಎಂಬ ಪದದ ಅರ್ಥದೊಳಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 1923ರಲ್ಲಿ ತೀರ್ಪಿತ್ತಿತು. ಅದಾಗಲೇ ಪೌರರಾಗಿದ್ದ ಭಾರತೀಯರ ಪೌರತ್ವವನ್ನೂ ಕಿತ್ತುಕೊಳ್ಳಲಾಯಿತು. ಹಾಗೆ ಎಲ್ಲವನ್ನೂ ಕಳೆದುಕೊಂಡ ಕ್ಯಾಲಿಫೋರ್ನಿಯಾದ ವ್ಯಾಪಾರಿ ವೈಷ್ಣೋ ದಾಸ್ ಬಗಾಯಿ 1928ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಭಾರತೀಯರಿಗೆ ಮತ್ತೆ ಪೌರತ್ವದ ಹಕ್ಕು ದೊರೆತದ್ದು 1946ರಲ್ಲಿ, ಅದೂ ವರ್ಷಕ್ಕೆ 100 ಜನರ ವಲಸೆಯ ಮಿತಿಯೊಂದಿಗೆ. ನಮ್ಮಂಥವರು ಇಲ್ಲಿಗೆ ಬರಲು ಹಾದಿ ಮಾಡಿಕೊಟ್ಟದ್ದು 1965ರ ಕಾನೂನು. ಮರ್ಲ್ ಹಾಲಿವುಡ್ಡಿಗೆ ಬಂದದ್ದು 1934ರಲ್ಲಿ.

ಚಿತ್ರರಂಗದ ನಿಯಮಾವಳಿ ಇನ್ನೊಂದು ಗೋಡೆ. ಅದೇ 1934ರಿಂದ ಬಿಗಿಯಾಗಿ ಜಾರಿಗೆ ಬಂದ ನಿರ್ಮಾಣ ಸಂಹಿತೆ ಬಿಳಿಯರ ಹಾಗೂ ಕರಿಯರ ನಡುವಿನ ಪ್ರಣಯವನ್ನು ಪರದೆಯ ಮೇಲೆ ನಿಷೇಧಿಸಿತ್ತು. ಏಷ್ಯನ್ನರ ವಿಷಯದಲ್ಲೂ ಸ್ಟುಡಿಯೋಗಳು ಅದೇ ಭಯದಿಂದ ನಡೆದುಕೊಳ್ಳುತ್ತಿದ್ದವು. ಚೀನೀ ಮೂಲದ ಅಮೆರಿಕನ್ ನಟಿ ಆನ ಮೇ ವಾಂಗ್ ತನ್ನ ಮೂಲವನ್ನು ಎಂದೂ ಮರೆಮಾಚಲಿಲ್ಲ. ಚೀನದ ರೈತ ಕುಟುಂಬದ ಕಥೆಯಾದ 'ದಿ ಗುಡ್ ಅರ್ತ್' ಚಿತ್ರ ಸಿದ್ಧವಾದಾಗ ನಾಯಕನ ಪಾತ್ರ ಬಿಳಿಯನಾದ ಪಾಲ್ ಮ್ಯೂನಿಗೆ ಹೋಯಿತು. ಆದ್ದರಿಂದ ಅವನ ಹೆಂಡತಿಯ ಪಾತ್ರವೂ ಬಿಳಿಯಳಿಗೇ ಹೋಗಬೇಕಾಯಿತು. ಅದನ್ನು ಮಾಡಿದ ಲೂಯಿಸ್ ರೈನರ್ 1937ನೆಯ ಸಾಲಿನ ಶ್ರೇಷ್ಠ ನಟಿ ಆಸ್ಕರ್ ಪಡೆದಳು. ಸತ್ಯ ಹೇಳಿದವಳಿಗೆ ಪಾತ್ರವಿಲ್ಲ, ಬಣ್ಣ ಬಳಿದುಕೊಂಡವಳಿಗೆ ಪ್ರಶಸ್ತಿ. ಇದೆಲ್ಲವೂ ಮರ್ಲ್‌ಳ ಕಣ್ಣೆದುರಿಗೇ ನಡೆಯಿತು.

ಇನ್ನು ಆಕೆಯ ಪ್ರಶಸ್ತಿಯ ವಿಷಯ. ಮೊದಮೊದಲು ಹಾಲಿವುಡ್ ಮರ್ಲ್‌ಳ ಕಡುಗಣ್ಣುಗಳನ್ನು ಇನ್ನಷ್ಟು ಓರೆಯಾಗಿ ತಿದ್ದಿ ಯಾವುದೋ ದೂರದೇಶದ ಮೋಹಿನಿಯನ್ನಾಗಿ ತೋರಿಸಿತು. ನಿರ್ಮಾಪಕ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಆ ಬಣ್ಣವನ್ನೆಲ್ಲ ತೊಳೆದು, 1935ರ 'ದಿ ಡಾರ್ಕ್ ಏಂಜಲ್' ಚಿತ್ರದಲ್ಲಿ ಇಂಗ್ಲೆಂಡಿನ ಹಳ್ಳಿಮನೆಯ ಸರಳ ಹುಡುಗಿಯ ಪಾತ್ರ ಕೊಟ್ಟ. ಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಪ್ರಿಯಕರ ತಾನು ಕುರುಡನೆಂಬುದನ್ನು ನಾಯಕಿಯಿಂದ ಮುಚ್ಚಿಡುತ್ತಾನೆ. ಆಕೆ ಅದನ್ನು ಕಂಡುಕೊಳ್ಳುತ್ತಾಳೆ. ಮುಚ್ಚಿಡುವಿಕೆಯ ಕಥೆಯಲ್ಲಿಯೇ ಮರ್ಲ್‌ಳ ಅತ್ಯುತ್ತಮ ಅಭಿನಯ ಹೊಮ್ಮಿದ್ದು ಕಾಕತಾಳೀಯವೇ ಇರಬಹುದು. 1936ರ ಮಾರ್ಚ್ 5ರಂದು ಲಾಸ್ ಏಂಜಲಿಸ್‌ನ ಬಿಲ್ಟ್‌ಮೋರ್ ಹೋಟೆಲಿನಲ್ಲಿ ನಡೆದ 8ನೆಯ ಆಸ್ಕರ್ ಸಮಾರಂಭದಲ್ಲಿ ಶ್ರೇಷ್ಠ ನಟಿಯ ಸ್ಥಾನಕ್ಕೆ ಆರು ಮಂದಿ ಸ್ಪರ್ಧಿಗಳಿದ್ದರು. ಕ್ಯಾಥರಿನ್ ಹೆಪ್‌ಬರ್ನ್, ಕ್ಲಾಡೆಟ್ ಕೋಲ್ಬರ್ಟ್ ಅವರಂಥವರ ಸಾಲಿನಲ್ಲಿ ಮರ್ಲ್ ಇದ್ದಳು. ಗೆದ್ದವಳು 'ಡೇಂಜರಸ್' ಚಿತ್ರದ ಬೆಟ್ಟಿ ಡೇವಿಸ್. ಮರ್ಲ್‌ಗೆ ಮತ್ತೆಂದೂ ನಾಮನಿರ್ದೇಶನ ದೊರೆಯಲಿಲ್ಲ. ಅಂದು ಆ ಹೋಟೆಲಿನಲ್ಲಿ ಒಂದು ಇತಿಹಾಸ ನಡೆದುಹೋಯಿತು. ನೆರೆದಿದ್ದವರಲ್ಲಿ ಅದನ್ನು ಬಲ್ಲ ಒಬ್ಬಳು ಬಾಯಿ ತೆರೆಯುವಂತಿರಲಿಲ್ಲ.

ಜನರ ನೆನಪಿನಲ್ಲಿ ಉಳಿದ ಮರ್ಲ್ ಮಾತ್ರ 1939ರ 'ವುದರಿಂಗ್ ಹೈಟ್ಸ್' ಚಿತ್ರದ ಕ್ಯಾಥಿ. ಗಾಳಿ ಬೀಸುವ ಬಯಲು, ಬಂಡೆಯ ಮೇಲೆ ಹೀತ್‌ಕ್ಲಿಫ್‌ನ ಪಕ್ಕದಲ್ಲಿ ನಿಂತ ಬಿಳಿಮೊಗದ ಯುವತಿ: ಈ ಚಿತ್ರಿಕೆ ಇಂದಿಗೂ ಮಾಸಿಲ್ಲ. ಚಿತ್ರೀಕರಣ ನಡೆದದ್ದು ಯಾರ್ಕ್‌ಷೈರಿನಲ್ಲಲ್ಲ, ಕ್ಯಾಲಿಫೋರ್ನಿಯಾದ ವೆಂಚುರಾ ಕೌಂಟಿಯ ಗುಡ್ಡಗಳಲ್ಲಿ. ಎಂಟು ನಾಮನಿರ್ದೇಶನ ಪಡೆದ ಆ ಚಿತ್ರಕ್ಕೆ ಸಂದ ಒಂದೇ ಆಸ್ಕರ್ ಛಾಯಾಗ್ರಾಹಕ ಗ್ರೆಗ್ ಟೋಲಂಡ್‌ಗೆ. ನಾಯಕಿಯ ಹೆಸರು ಎಂಟರಲ್ಲಿಯೂ ಇಲ್ಲ. ನಮಗೆ ಇದರಲ್ಲಿ ಎದ್ದು ಕಾಣುವ ವಿಡಂಬನೆ ಬೇರೆ. ಎಮಿಲಿ ಬ್ರಾಂಟೆಯ ಮೂಲ ಕಾದಂಬರಿಯಲ್ಲಿ ಮೈಬಣ್ಣ ಕಪ್ಪಾದವನು, ಹಡಗಿನ ಭಾರತೀಯ ನಾವಿಕರ ಕೂಸಿರಬಹುದೆಂದು ನೆರೆಯವರು ಶಂಕಿಸುವವನು ಹೀತ್‌ಕ್ಲಿಫ್. ಚಿತ್ರದಲ್ಲಿ ಆ ಪಾತ್ರ ಮಾಡಿದವನು ಅಚ್ಚ ಇಂಗ್ಲಿಷಿನವನಾದ ಲಾರೆನ್ಸ್ ಒಲಿವಿಯರ್. ನಿಜವಾಗಿ ಭಾರತದಿಂದ ಹಡಗಿನಲ್ಲಿ ಬಂದವಳು, ಅವನನ್ನು ಮದುವೆಯಾಗುವುದು ತನ್ನ ಅಂತಸ್ತಿಗೆ ಕುಂದೆಂದು ಹೇಳಬೇಕಾದ ಕ್ಯಾಥಿ!

ಕ್ಯಾಥಿಯ ಪಾತ್ರವನ್ನು ಬಯಸಿದ್ದ ಇನ್ನೊಬ್ಬಳು ವಿವಿಯನ್ ಲೀ. ಆಕೆ ಹುಟ್ಟಿದ್ದು ಡಾರ್ಜಿಲಿಂಗಿನಲ್ಲಿ. ತಂದೆ 1917ರಲ್ಲಿ ನಮ್ಮ ಬೆಂಗಳೂರಿಗೆ ಸೈನ್ಯಾಧಿಕಾರಿಯಾಗಿ ವರ್ಗವಾಗಿ ಬಂದವನು. ಡಾರ್ಜಿಲಿಂಗ್ ಎಂದು ಹೇಳಿಕೊಳ್ಳಲು ವಿವಿಯನ್‌ಗೆ ಯಾವ ಅಳುಕೂ ಇರಲಿಲ್ಲ. ಹುಟ್ಟಿದ ಊರು ಮರ್ಲ್‌ಗೆ ತೊಡಕಾಗಿರಲಿಲ್ಲ, ಹೆತ್ತವರು ಯಾರು ಎಂಬುದು ತೊಡಕಾಗಿತ್ತು.

ಮರ್ಲ್‌ಳ ಪರದೆಯ ರೂಪವೆಂಬುದು ಬಹುಮಟ್ಟಿಗೆ ಬೆಳಕಿನ ಸೃಷ್ಟಿ. 1937ರಲ್ಲಿ ಲಂಡನ್ನಿನಲ್ಲಿ ನಡೆದ ಕಾರು ಅಪಘಾತ ಆಕೆಯ ಮುಖದ ಮೇಲೆ ಗಾಯದ ಗುರುತುಗಳನ್ನು ಉಳಿಸಿತು. ಆಗ ತಯಾರಾಗುತ್ತಿದ್ದ 'ಐ, ಕ್ಲಾಡಿಯಸ್' ಚಿತ್ರ ನಿಂತೇಹೋಯಿತು. 1944ರ 'ದಿ ಲಾಡ್ಜರ್' ಚಿತ್ರದ ಸಮಯದಲ್ಲಿ ಛಾಯಾಗ್ರಾಹಕ ಲೂಸಿಯನ್ ಬಲ್ಲಾರ್ಡ್, ಕ್ಯಾಮರಾದ ಮಸೂರದ ಪಕ್ಕದಲ್ಲಿಯೇ ಒಂದು ಪುಟ್ಟ ದೀಪವನ್ನು ಅಳವಡಿಸಿದ. ಎದುರಿನಿಂದ ನೇರವಾಗಿ ಬೀಳುವ ಬೆಳಕಿಗೆ ಗುಳಿಗೆರೆಗಳ ನೆರಳು ಮಾಯವಾಗುತ್ತದೆ, ಚರ್ಮದ ಬಣ್ಣವೂ ತಿಳಿಯಾಗಿ ತೋರುತ್ತದೆ. ಮರುವರ್ಷ ಅವರಿಬ್ಬರ ಮದುವೆಯಾಯಿತು. ಮದುವೆ ಬಹುಕಾಲ ಉಳಿಯಲಿಲ್ಲ, ದೀಪ ಉಳಿಯಿತು. 'ಓಬಿ' ಎಂಬ ಹೆಸರಿನಲ್ಲಿ ಛಾಯಾಗ್ರಾಹಕರು ಅದನ್ನು ಇಂದಿಗೂ ಬಳಸುತ್ತಾರೆ. ಯಾವ ನಾಮನಿರ್ದೇಶನಕ್ಕಿಂತಲೂ ಅದೇ ಆಕೆಯ ಹೆಸರಿನ ಶಾಶ್ವತ ಸ್ಮಾರಕವೆಂದು ನಮಗನಿಸುತ್ತದೆ. ಷಾರ್ಲಟ್ 1937ರಲ್ಲಿ ತೀರಿಕೊಂಡಿದ್ದಳು. ಎಷ್ಟೋ ವರ್ಷಗಳ ಬಳಿಕ ಮರ್ಲ್ ಹಳೆಯ ಫೋಟೋ ಕೊಟ್ಟು ಆಕೆಯ ತೈಲಚಿತ್ರ ಬರೆಯಿಸಿದಳು, ಮೈಬಣ್ಣವನ್ನು ಬೆಳ್ಳಗಾಗಿಸುವಂತೆ ಹೇಳಿ. ಬದುಕಿರುವಾಗ ತಾಯಿಯೆಂದು ತೋರಿಸಲಾಗದವಳನ್ನು ಗೋಡೆಯ ಮೇಲೆ ತೂಗುಹಾಕಿಕೊಂಡ ಆ ಮನಸ್ಸನ್ನು ಅಳೆಯುವ ಮಾನದಂಡ ನಮ್ಮಲ್ಲಿಲ್ಲ.

1978ರಲ್ಲಿ ಹೋಬಾರ್ಟ್ ನಗರ ತನ್ನ 'ಹೆಮ್ಮೆಯ ಮಗಳ'ನ್ನು ಸನ್ಮಾನಕ್ಕೆ ಕರೆಯಿತು. ಮರ್ಲ್ ಹೋದಳು. ಅಲ್ಲಿಯ ಜನ ಆಕೆಯನ್ನು ನಿಜವಾಗಿಯೂ ತಮ್ಮವಳೆಂದೇ ನಂಬಿದ್ದರು. ಆಕೆಯ ತಾಯಿ ಆ ದ್ವೀಪದ ಚೀನೀ ಮೂಲದ ಹೆಂಗಸೆಂಬ ಸ್ಥಳೀಯ ಐತಿಹ್ಯವೇ ಬೆಳೆದುಬಿಟ್ಟಿತ್ತು. ಸಮಾರಂಭದಲ್ಲಿ ಮರ್ಲ್ ತಾನು ಅಲ್ಲಿ ಹುಟ್ಟಿದವಳಲ್ಲವೆಂದು ಹೇಳಿ, ಮೈ ಸರಿಯಿಲ್ಲವೆಂದು ಬೇಗನೆ ಹೊರಟುಬಿಟ್ಟಳು. ಮತ್ತೆಲ್ಲಿ ಹುಟ್ಟಿದ್ದೆಂದು ಆಗಲೂ ಹೇಳಲಿಲ್ಲ. ಮರುವರ್ಷ ನವೆಂಬರ್ 23ರಂದು ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿ ಕೊನೆಯುಸಿರೆಳೆದಳು.

ಮುಂಬಯಿಯ ಸಂಗತಿ ಲೋಕಕ್ಕೆ ತಿಳಿದದ್ದು 1983ರಲ್ಲಿ ಪ್ರಕಟವಾದ 'ಪ್ರಿನ್ಸೆಸ್ ಮರ್ಲ್' ಎಂಬ ಜೀವನಚರಿತ್ರೆಯಿಂದ. ಎರಡು ವರ್ಷಗಳ ಅನಂತರ ಕೋರ್ಡಾನ ತಮ್ಮನ ಮಗ ಮೈಕೆಲ್ ಕೋರ್ಡಾ ಆಕೆಯ ಬಾಳನ್ನು ಆಧರಿಸಿ 'ಕ್ವೀನಿ' ಕಾದಂಬರಿ ಬರೆದ. ಜನನಪತ್ರವನ್ನು ಕಂಡವನು ಕಾನ್‌ಸ್ಟನ್ಸ್‌ಳ ಮತ್ತೊಬ್ಬ ಮಗ ಹ್ಯಾರಿ ಸೆಲ್ಬಿ. ಅವನ ಮಾತುಗಳು 2002ರ 'ದಿ ಟ್ರಬಲ್ ವಿತ್ ಮರ್ಲ್' ಸಾಕ್ಷ್ಯಚಿತ್ರದಲ್ಲಿ ದಾಖಲಾಗಿವೆ. ಮಯೂಖ್ ಸೇನ್ 2025ರಲ್ಲಿ ಪ್ರಕಟಿಸಿದ 'ಲವ್, ಕ್ವೀನಿ' ಎಂಬ ಹೊಸ ಜೀವನಚರಿತ್ರೆ ಮರ್ಲ್‌ಳನ್ನು ಹಾಲಿವುಡ್ಡಿನ ಮೊದಲ ದಕ್ಷಿಣ ಏಷ್ಯಾದ ತಾರೆಯೆಂದೇ ಕರೆಯುತ್ತದೆ. ಬದುಕಿದ್ದಿದ್ದರೆ ಆ ಬಿರುದನ್ನು ಆಕೆ ಒಪ್ಪುತ್ತಿದ್ದಳೋ ಇಲ್ಲವೋ. ಹ್ಯಾರಿ ಸೆಲ್ಬಿ ಒಮ್ಮೆ ಸಹೋದರಿಯನ್ನು ಕಾಣಲೆಂದು ಲಾಸ್ ಏಂಜಲಿಸ್‌ವರೆಗೆ ಬಂದಿದ್ದ. ಮರ್ಲ್ ಅವನನ್ನು ನೋಡಲು ಒಪ್ಪಲಿಲ್ಲ.