ಅಪ್‌ಗ್ರೇಡ್ ಆದಾಗಲೆಲ್ಲ ಮಾಯವಾದ ಕನ್ನಡ: ಪ್ಲಗಿನ್ ಕಾಲದ ಕಥೆ

ವಾಶಿಯಿಂದ ಮಾತಾಡ್ತಾ ಇದ್ದೀನಿ. ವಿಡಿಯೊ ನೋಡೋಕೆ ಪುರುಸೊತ್ತಿಲ್ಲದೆ ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೇ ಓದುವವರಿಗಾಗಿ ಇದು ಈ ವಾರದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ.

ಸ್ವಲ್ಪ ದಿನದ ಹಿಂದೆ ಕೋಪರ್‌ಖೈರಣೆಯಿಂದ ತಮ್ಮನಂಥ ಗೆಳೆಯನೊಬ್ಬ ಮನೆಗೆ ಬಂದ. ಹುಬ್ಬಳ್ಳಿ ಕಡೆಯವನು, ಐರೋಲಿಯಲ್ಲಿ ಕೆಲಸ. ಕೈಯಲ್ಲಿ ಒಂದು ಹಳೆಯ ಸಿಡಿ. ಅವನ ಅಪ್ಪ 2003ರ ಸುಮಾರಿಗೆ ಒಂದು ಕನ್ನಡ ಜಾಲಪತ್ರಿಕೆಗೆ ಬರೀತಿದ್ರಂತೆ. ಆ ಪತ್ರಿಕೆ ಈಗ ಇಲ್ಲ. ಅಪ್ಪನೂ ಹೋದ ವರ್ಷ ತೀರಿಕೊಂಡರು. ವರ್ಷಾಂತಿಕಕ್ಕೆ ಆ ಲೇಖನಗಳನ್ನು ಸೇರಿಸಿ ಒಂದು ಚಿಕ್ಕ ಪುಸ್ತಕ ಮಾಡಿ ಬಂದವರಿಗೆ ಹಂಚಬೇಕು ಅಂತ ಅವನ ಅವ್ವನಿಗೆ ಆಸೆ. ಅವನು ಆಗಲೇ ಪುಟಗಳನ್ನು ಒಂದೊಂದಾಗಿ ಸೇವ್ ಮಾಡಿ ಸಿಡಿಗೆ ಹಾಕಿ ಇಟ್ಟಿದ್ದ. ಈಗ ತೆರೆದರೆ ಬರೀ ಕಲಸುಮೇಲೋಗರ. ಇಂಗ್ಲಿಷ್ ಅಕ್ಷರ, ಅದರ ತಲೆ ಮೇಲೆ ಗೀಟು, ನಡುವೆ ಪೌಂಡಿನ ಗುರುತು.

“ಅಣ್ಣಾರ, ಫೈಲ್ ಕೆಟ್ಟ್ ಹೋಗ್ಯಾವ್ರಿ. ತೆಗೆದ್ ಹಾಕ್ಲೇನ್ರಿ?” ಅಂತ ಕೇಳಿದ.

ಬೇಡಪ್ಪಾ, ತೆಗೀಬೇಡ ಅಂದೆ. ಫೈಲ್ ಕೆಟ್ಟಿರಲಿಲ್ಲ. ಅಪ್ಪ ಬರೆದ ಒಂದಕ್ಷರವೂ ಕಳೆದಿರಲಿಲ್ಲ. ಕಳೆದಿದ್ದದ್ದು ಅದನ್ನು ತೋರಿಸುತ್ತಿದ್ದ ಬ್ರೌಸರಿನ ಒಂದು ತುಂಡು. ಅದು ಹೇಗೆ ಬಂತು, ಹೇಗೆ ಹೋಯ್ತು ಅನ್ನೋದೇ ಇವತ್ತಿನ ಕಥೆ.

ಇಂಗ್ಲಿಷಿನ ಮನೆಯಲ್ಲಿ ಬಾಡಿಗೆಗಿದ್ದ ಕನ್ನಡ

ಮೊದಲು ಆ ಕಲಸುಮೇಲೋಗರ ಏನು ಅಂತ ನೋಡೋಣ. 1990ರ ದಶಕದಲ್ಲಿ ನಮ್ಮ ಕೈಗೆ ಬರುತ್ತಿದ್ದ ಸಾಮಾನ್ಯ ಕಂಪ್ಯೂಟರಿಗೆ ಕನ್ನಡ ಅಂತ ಒಂದು ಲಿಪಿ ಇದೆ ಅನ್ನೋದೇ ಗೊತ್ತಿರಲಿಲ್ಲ. ಆದ್ದರಿಂದ ಫಾಂಟ್ ಮಾಡುವವರು ಒಂದು ಉಪಾಯ ಹೂಡಿದರು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಜಾಗಗಳಲ್ಲಿ ಕನ್ನಡ ಅಕ್ಷರದ ಚೂರುಗಳನ್ನು ಕೂರಿಸಿದರು. ನುಡಿ–ಬರಹ ಶೈಲಿಯ ಫಾಂಟಿನಲ್ಲಿ ದೊಡ್ಡ ‘ಪಿ’ ಜಾಗದಲ್ಲಿ ತಲೆಕಟ್ಟಿಲ್ಲದ ‘ಕ’ ಇರುತ್ತೆ. ಗೀಟು ಹಾಕಿದ ‘ಎ’ ಜಾಗದಲ್ಲಿ ತಲೆಕಟ್ಟು. ಪೌಂಡಿನ ಗುರುತಿದ್ದಲ್ಲಿ ‘ನ’ದ ಒಡಲು. ಹೀಗೆ ‘ಕನ್ನಡ’ ಅನ್ನೋ ಪದಕ್ಕೆ 7 ಚೂರು ಬೇಕಿತ್ತು. ಯುನಿಕೋಡಿನಲ್ಲಿ ಅದೇ ಪದಕ್ಕೆ 5 ಸಂಕೇತ ಸಾಕು.

ಅಂದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಕನ್ನಡವೇ ಅಲ್ಲ. ಫಾಂಟ್ ಅನ್ನೋ ವೇಷ ಹಾಕಿದರೆ ಕನ್ನಡ, ಕಳಚಿದರೆ ಇಂಗ್ಲಿಷಿನ ಗೀಚು. ಸಾಲದ್ದಕ್ಕೆ ಬೆಂಗಳೂರಿನ ಆಕೃತಿಗೆ ಒಂದು ಜೋಡಣೆ, ಪುಣೆಯ ಶ್ರೀಲಿಪಿಗೆ ಇನ್ನೊಂದು. ಒಬ್ಬರ ವೇಷ ಇನ್ನೊಬ್ಬರಿಗೆ ಹೊಂದುತ್ತಿರಲಿಲ್ಲ.

ಡಿಟಿಪಿ ಅಂಗಡಿಯಲ್ಲಿ ಇದು ತೊಂದರೆ ಕೊಡಲಿಲ್ಲ. ಕಾಗದಕ್ಕೆ ಇಳಿದರೆ ಮುಗಿಯಿತಲ್ವಾ? ತೊಂದರೆ ಶುರುವಾದದ್ದು ಜಾಲಕ್ಕೆ ಬಂದಾಗ. ಓದುಗ ಎಲ್ಲೋ ನ್ಯೂಜೆರ್ಸಿಯಲ್ಲೋ ಡೊಂಬಿವಲಿಯಲ್ಲೋ ಇರ್ತಾನೆ. ಅವನ ಮಷೀನಿನಲ್ಲಿ ನಮ್ಮ ಫಾಂಟ್ ಇರಲ್ಲ. ಮೊದಮೊದಲು “ಈ ಫಾಂಟ್ ಇಳಿಸಿಕೊಳ್ಳಿ” ಅಂತ ಪುಟದ ಮೇಲೆ ಬರೆಯೋರು. ಅದನ್ನೂ ಇಂಗ್ಲಿಷಿನಲ್ಲೇ ಬರೀಬೇಕು. ಕನ್ನಡದಲ್ಲಿ ಬರೆದರೆ ಕಾಣೋದೇ ಇಲ್ಲವಲ್ಲ!

1997: ಫಾಂಟ್ ತಾನಾಗಿಯೇ ಬಂತು

1997ರಲ್ಲಿ ಎರಡು ದಾರಿ ತೆರೆದವು. ನೆಟ್‌ಸ್ಕೇಪ್ 4ರಲ್ಲಿ ಬಿಟ್‌ಸ್ಟ್ರೀಮ್ ಕಂಪನಿಯ ಟ್ರೂಡಾಕ್, ಇಂಟರ್‌ನೆಟ್ ಎಕ್ಸ್‌ಪ್ಲೋರರ್ 4ರಲ್ಲಿ ಮೈಕ್ರೋಸಾಫ್ಟಿನದೇ ಇನ್ನೊಂದು ವಿಧಾನ. ಎರಡಕ್ಕೂ ಜನ ಇಟ್ಟ ಹೆಸರು ಡೈನಮಿಕ್ ಫಾಂಟ್. ಪುಟದ ಜೊತೆ ಫಾಂಟೂ ತಾನಾಗಿ ಇಳಿದು ಬರುತ್ತಿತ್ತು. ಟ್ರೂಡಾಕ್ ಪುಟ ಎಕ್ಸ್‌ಪ್ಲೋರರಿನಲ್ಲಿ ಕಾಣಬೇಕಾದರೆ ಮಾತ್ರ ಆಕ್ಟಿವ್‌ಎಕ್ಸ್ ಅನ್ನೋ ಪ್ಲಗಿನ್ ಒಂದನ್ನು ಹಾಕಿಕೊಳ್ಳಬೇಕಿತ್ತು.

ಆ ಕಾಲದಲ್ಲಿ ಇದೊಂದು ಪವಾಡವೇ. ಡಾ. ಯು. ಬಿ. ಪವನಜ ಅವರ ಹೆಸರು ಇಲ್ಲಿ ಹೇಳಲೇಬೇಕು. ನಮ್ಮ ವಾಶಿ ಖಾಡಿಯ ಆಚೆ ದಡದ ಟ್ರಾಂಬೆಯಲ್ಲಿ, ಬಿಎಆರ್‌ಸಿಯಲ್ಲಿ, ಸುಮಾರು 15 ವರ್ಷ ವಿಜ್ಞಾನಿಯಾಗಿದ್ದವರು. 1996ರಲ್ಲಿ ಅವರು ಶುರುಮಾಡಿದ ‘ವಿಶ್ವ ಕನ್ನಡ’ ಕನ್ನಡದ ಮೊದಲ ಜಾಲಪತ್ರಿಕೆ. 1997ರಲ್ಲಿ ಕೆಲಸ ಬಿಟ್ಟು ಕನ್ನಡದ ಗಣಕ ಕೆಲಸಕ್ಕೇ ನಿಂತರು. ಡೈನಮಿಕ್ ಫಾಂಟನ್ನು ಕನ್ನಡಕ್ಕೆ ಬಳಸಿದವರಲ್ಲಿ ಅವರು ಮೊದಲಿಗರು. ಆಮೇಲೆ ಪತ್ರಿಕೆಗಳ ತಾಣಗಳೂ ಪೋರ್ಟಲ್‌ಗಳೂ ಒಂದೊಂದಾಗಿ ಆ ದಾರಿಗೆ ಬಂದವು.

ನಾನು ವಾಶಿಗೆ ಬಂದದ್ದು 2001ರಲ್ಲಿ. ಸ್ಟೇಷನ್ನಿನ ಮೇಲೇ ಇರುವ ಇನ್ಫೋಟೆಕ್ ಪಾರ್ಕಿನಲ್ಲಿ ಕೆಲಸ, ಸಂಜೆ ಸೆಕ್ಟರ್ 17ರ ಒಂದು ಸೈಬರ್ ಕೆಫೆಯಲ್ಲಿ ಊರಿನ ಸುದ್ದಿ. ಆ ಕೆಫೆಯಲ್ಲಿ ಬಾಗಿಲ ಪಕ್ಕದ ಮಷೀನಿನಲ್ಲಿ ಮಾತ್ರ ಕನ್ನಡ ಬರುತ್ತಿತ್ತು, ಉಳಿದವುಗಳಲ್ಲಿ ಇಲ್ಲ. ನಾವು ನಾಲ್ಕೈದು ಕನ್ನಡಿಗರು ಅದೊಂದಕ್ಕೇ ಕಾಯ್ತಿದ್ವಿ. ಕಾರಣ ಇಷ್ಟೇ: ಯಾರೋ ಪುಣ್ಯಾತ್ಮ ಅದರಲ್ಲಿ ಆ ಪ್ಲಗಿನ್ ಹಾಕಿದ್ದ. ಒಂದು ದಿನ ಮಾಲೀಕ ಎಲ್ಲ ಮಷೀನುಗಳಿಗೂ ಹೊಸದಾಗಿ ವಿಂಡೋಸ್ ಹಾಕಿಸಿದ. ಮರುದಿನ ಯಾವುದರಲ್ಲೂ ಕನ್ನಡ ಇಲ್ಲ.

ಒಂದೊಂದು ಅಪ್‌ಗ್ರೇಡಿಗೂ ಒಂದೊಂದು ಬಾಗಿಲು

ನಮ್ಮ ಕೆಫೆಯಲ್ಲಿ ಆದದ್ದೇ ದೊಡ್ಡ ಪ್ರಮಾಣದಲ್ಲಿ ಜಗತ್ತಿನಲ್ಲೂ ಆಗುತ್ತಿತ್ತು. 2000ದ ನವೆಂಬರಿನಲ್ಲಿ ನೆಟ್‌ಸ್ಕೇಪ್ 6 ಬಂತು. ಬ್ರೌಸರನ್ನು ಬುಡದಿಂದ ಹೊಸದಾಗಿ ಬರೆದಿದ್ದರು. ಟ್ರೂಡಾಕ್ ಅದರಲ್ಲಿ ಇರಲೇ ಇಲ್ಲ. ಹಳೆಯ 4ರಲ್ಲಿ ಕನ್ನಡ ಓದುತ್ತಿದ್ದವನು ಖುಷಿಯಿಂದ 6 ಹಾಕಿಕೊಂಡರೆ ಕಣ್ಣಮುಂದೆ ಗೀಚು.

2004ರ ಆಗಸ್ಟಿನಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್. ಇನ್ನು ಮುಂದೆ ಆಕ್ಟಿವ್‌ಎಕ್ಸ್ ತಾನಾಗಿ ಇಳಿಯುವಂತಿಲ್ಲ. ಮೇಲೊಂದು ಹಳದಿ ಪಟ್ಟಿ ಬಂದು ಎಚ್ಚರಿಸುತ್ತೆ. 2006ರಲ್ಲಿ ಬಂದ ಎಕ್ಸ್‌ಪ್ಲೋರರ್ 7, ಹಿಂದೆ ಹಾಕಿಕೊಂಡಿದ್ದ ಕಂಟ್ರೋಲ್‌ಗಳನ್ನೂ ಬಹುಪಾಲು ತಡೆದು, ಬೇಕಾ ಅಂತ ಕೇಳಿ ಬಿಡತೊಡಗಿತು. ಊರಲ್ಲಿದ್ದ ಅಪ್ಪ-ಅಮ್ಮ ಆ ಎಚ್ಚರಿಕೆ ನೋಡಿ ಹೆದರಿ ‘ಬೇಡ’ ಒತ್ತೋರು. ಅಲ್ಲಿಗೆ ಕನ್ನಡ ಬಂದ್.

ಇದರಲ್ಲಿ ಬ್ರೌಸರಿನವರ ದ್ವೇಷ ಏನೂ ಇಲ್ಲ, ನ್ಯಾಯವಾಗಿ ಹೇಳಬೇಕು. ಆಕ್ಟಿವ್‌ಎಕ್ಸ್ ಪ್ಲಗಿನ್ ಅಂದರೆ ನಮ್ಮ ಕಂಪ್ಯೂಟರಿನಲ್ಲಿ ನಾವು ಏನೇನು ಮಾಡಬಹುದೋ ಅದೆಲ್ಲವನ್ನೂ ಮಾಡಬಲ್ಲ ಪ್ರೋಗ್ರಾಂ. ಕಳ್ಳರು ನುಗ್ಗುತ್ತಿದ್ದದ್ದೂ ಅದೇ ಬಾಗಿಲಿನಿಂದ. ಬಾಗಿಲು ಮುಚ್ಚಲೇಬೇಕಿತ್ತು. ನಮ್ಮ ಕನ್ನಡವೂ ಅದೇ ಬಾಗಿಲಲ್ಲಿ ಓಡಾಡುತ್ತಿದ್ದದ್ದು ನಮ್ಮ ದುರದೃಷ್ಟ.

2004ರ ಕೊನೆಗೆ ಫೈರ್‌ಫಾಕ್ಸ್ ಬಂತು. ಅದಕ್ಕೆ ಎರಡೂ ಡೈನಮಿಕ್ ಫಾಂಟುಗಳು ಗೊತ್ತಿರಲಿಲ್ಲ. ಆಗ ತೆಲುಗಿನವರು ಶುರುಮಾಡಿದ ‘ಪದ್ಮ’ ಅನ್ನೋ ಎಕ್ಸ್‌ಟೆನ್ಷನ್ ಒಂದು ಜಾಣ ಕೆಲಸ ಮಾಡಿತು. ಅದು ಫಾಂಟ್ ತರೋದನ್ನೇ ಬಿಟ್ಟು, ಪುಟದಲ್ಲಿದ್ದ ಗೀಚನ್ನು ಓದಿ ಯುನಿಕೋಡಿಗೆ ಬದಲಿಸಿ ತೋರಿಸುತ್ತಿತ್ತು. ಆಮೇಲೆ ಭಾರತದ ಬೇರೆ ಭಾಷೆಗಳಿಗೂ ಹಬ್ಬಿತು. ಆದರೆ ಎಕ್ಸ್‌ಟೆನ್ಷನ್ನಿಗೂ ಅದೇ ಹಣೆಬರಹ. ಫೈರ್‌ಫಾಕ್ಸಿನ ಹೊಸ ಆವೃತ್ತಿ ಬಂದಾಗಲೆಲ್ಲ “ಇದಕ್ಕೆ ಹೊಂದಿಕೆಯಾಗುವುದಿಲ್ಲ” ಅನ್ನೋ ಸೂಚನೆ. 2011ರ ನಂತರ ಆವೃತ್ತಿಗಳು 6 ವಾರಕ್ಕೊಂದು ಬರತೊಡಗಿದವು. 2017ರ ನವೆಂಬರಿನ ಫೈರ್‌ಫಾಕ್ಸ್ 57 ಹಳೆಯ ಮಾದರಿಯ ಎಕ್ಸ್‌ಟೆನ್ಷನ್‌ಗಳನ್ನೆಲ್ಲ ಒಟ್ಟಿಗೇ ಕೈಬಿಟ್ಟಿತು. 2022ರ ಜೂನ್‌ನಲ್ಲಿ ಎಕ್ಸ್‌ಪ್ಲೋರರ್ ಕೂಡ ನಿವೃತ್ತಿಯಾಯಿತು.

ತಪ್ಪು ನನ್ನದೂ ಇದೆ. ಒಂದು ಸಂಘದ ತಾಣವನ್ನು ಆಗ ನಾನೇ ಡೈನಮಿಕ್ ಫಾಂಟಿನಲ್ಲಿ ಕಟ್ಟಿದ್ದೆ. “ಎಕ್ಸ್‌ಪ್ಲೋರರಿನಲ್ಲಿ ಚೆನ್ನಾಗಿ ಕಾಣುತ್ತದೆ” ಅಂತ ಅಡಿಯಲ್ಲಿ ಹೆಮ್ಮೆಯಿಂದ ಬರೆದಿದ್ದೆ. ಫೈರ್‌ಫಾಕ್ಸಿನವರು ಫೋನ್ ಮಾಡಿದರೆ “ಬ್ರೌಸರ್ ಬದಲಿಸಿ ಸಾರ್” ಅಂತಿದ್ದೆ. ಬದಲಿಸಬೇಕಾದ್ದು ನನ್ನ ಪುಟ ಅಂತ ಹೊಳೆಯಲು ಬಹಳ ವರ್ಷ ಬೇಕಾಯಿತು.

ಪ್ಲಗಿನ್ ಬೇಡದ ದಾರಿ

ಅದೇ ಹೊತ್ತಿಗೆ ಇನ್ನೊಂದು ದಾರಿ ಸದ್ದಿಲ್ಲದೆ ಸಾಗುತ್ತಿತ್ತು. ಯುನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಜಾಗ 1991ರ ಮೊದಲ ಆವೃತ್ತಿಯಲ್ಲೇ ಸಿಕ್ಕಿತ್ತು. ಅದನ್ನು ಸರಿಯಾಗಿ ತೋರಿಸುವ ಶಕ್ತಿ ವಿಂಡೋಸಿಗೆ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನ ಜೊತೆ. ಅದಕ್ಕೂ ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ ಒಂದು ಟಿಕ್ ಹಾಕಬೇಕು, ವಿಂಡೋಸ್ ಸಿಡಿ ಬೇಕು. ಶುರುವಿನ ಫೈರ್‌ಫಾಕ್ಸಿನಲ್ಲಿ ಎರಡೂ ಅಂಚು ಸಮ ಮಾಡಿದ ಸಾಲುಗಳಲ್ಲಿ ಒತ್ತಕ್ಷರ ಒಡೆದು ಬೀಳುತ್ತಿದ್ದವು. 2008ರ ಮೂರನೇ ಆವೃತ್ತಿಯಲ್ಲಿ ಸರಿಹೋಯ್ತು.

ವ್ಯತ್ಯಾಸ ಗಮನಿಸಿ. ಡೈನಮಿಕ್ ಫಾಂಟಿನ ಪುಟಗಳು ಪ್ರತಿ ಅಪ್‌ಗ್ರೇಡಿನಲ್ಲಿ ಕೆಡುತ್ತಾ ಹೋದವು. ಯುನಿಕೋಡಿನ ಪುಟಗಳು ಪ್ರತಿ ಅಪ್‌ಗ್ರೇಡಿನಲ್ಲಿ ಸುಧಾರಿಸುತ್ತಾ ಬಂದವು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ, 2005ರ ‘ಸಂಪದ’ ಇವೆಲ್ಲ ಯುನಿಕೋಡಿನಲ್ಲೇ ಹುಟ್ಟಿದವು. ಅಂದು ಬರೆದದ್ದನ್ನು ಇಂದು ಮೊಬೈಲಿನಲ್ಲೂ ಓದಬಹುದು, ಹುಡುಕಿದರೂ ಸಿಗುತ್ತೆ. ಹಳೆಯ ಫಾಂಟಿನ ಪುಟ ಕನ್ನಡದಲ್ಲಿ ಹುಡುಕಿದರೆ ಸಿಗುವುದೇ ಇಲ್ಲ, ಯಾಕಂದ್ರೆ ಅದರೊಳಗೆ ಇರೋದು ಇಂಗ್ಲಿಷಿನ ಗೀಚು.

ಸಿಡಿಯ ಕಥೆ ಏನಾಯ್ತು?

ಸಿಡಿಗೆ ವಾಪಸ್ ಬರೋಣ. ಅವನು ಪುಟ ಸೇವ್ ಮಾಡಿದ ದಿನವೇ ಅದು ಕೆಟ್ಟಿತ್ತು ಅಂದರೆ ನಂಬ್ತೀರಾ? ಡೈನಮಿಕ್ ಫಾಂಟನ್ನು ಯಾರೂ ಕದಿಯದಿರಲಿ ಅಂತ ಅದನ್ನು ತಾಣದ ವಿಳಾಸಕ್ಕೇ ಬಿಗಿದು ಕಟ್ಟುತ್ತಿದ್ದರು. ವಿಳಾಸ ಬದಲಾದರೆ, ಅಥವಾ ಪುಟವನ್ನು ಸಿಡಿಗೆ ಇಳಿಸಿದರೆ, ಫಾಂಟ್ ಕೆಲಸ ಮಾಡಲ್ಲ. ಅವನು ಆಗ ತೆರೆದು ನೋಡಿರಲಿಲ್ಲ, ಅಷ್ಟೇ.

ಪುಟದ ಸೋರ್ಸ್ ತೆರೆದು ಫಾಂಟಿನ ಹೆಸರು ನೋಡಿದ್ವಿ. ನುಡಿ–ಬರಹ ಶೈಲಿಯದು. ಅಲ್ಲಿಗೆ ಅರ್ಧ ಕೆಲಸ ಮುಗೀತು. ಆ ಜೋಡಣೆ ಗೊತ್ತಿರುವಂಥದ್ದು, ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಸಿಗ್ತವೆ. ಎರಡು ಕಡೆ ಕೈ ಹಾಕಬೇಕಾಯ್ತು. ಹಳೆಯ ಜೋಡಣೆಯಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತೆ, ಯುನಿಕೋಡಿನಲ್ಲಿ ‘ರ’ ಮೊದಲು ಬರಬೇಕು. ‘ಕರ್ನಾಟಕ’ದಂಥ ಪದಗಳನ್ನು ಕಣ್ಣಿಟ್ಟು ನೋಡಬೇಕು. ಇನ್ನೊಂದು, ನಡುನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡ ಮಾಡಿ ಕೆಡಿಸುತ್ತೆ.

ರಾತ್ರಿ ಹನ್ನೊಂದರ ಹೊತ್ತಿಗೆ ಮೊದಲ ಲೇಖನ ಪರದೆ ಮೇಲೆ ಮೂಡಿತು. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಮಿರ್ಚಿ ತಿಂದ ಒಂದು ಮಳೆಗಾಲದ ಸಂಜೆಯ ಬಗ್ಗೆ. ನಮ್ಮ ಹುಡುಗ ಎರಡು ಸಾಲು ಜೋರಾಗಿ ಓದಿದ, ಆಮೇಲೆ ಓದಲಿಲ್ಲ. ಅವ್ವನಿಗೆ ಫೋನ್ ಹಚ್ಚಿ, “ಅವ್ವಾ, ಅಪ್ಪಂದು ಸಿಕ್ತು” ಅಂದ.

ಆದ್ದರಿಂದ ನನ್ನದೊಂದು ಬೇಡಿಕೆ. ನಿಮ್ಮ ಮನೆಯಲ್ಲೂ ಹಳೆಯ ಸಿಡಿ, ಹಾರ್ಡ್‌ಡಿಸ್ಕ್, ಸಂಘದ ಸ್ಮರಣ ಸಂಚಿಕೆಯ ಫೈಲುಗಳು ಇರ್ತವೆ. ತೆರೆದಾಗ ಗೀಚು ಕಂಡರೆ ಅಳಿಸಬೇಡಿ. ಮೊದಲು ಒಂದು ನಕಲು ತೆಗೆದಿಡಿ. ಫಾಂಟಿನ ಹೆಸರು ಬರೆದಿಟ್ಟುಕೊಳ್ಳಿ. ಅದೇ ಫಾಂಟ್ ಸಿಕ್ಕರೆ ಹಾಕಿ, ಇರೋದು ಏನು ಅಂತ ಓದಿ ನೋಡಿ. ಯುನಿಕೋಡಿಗೆ ಬದಲಿಸಿ, ಆದರೆ ಮೂಲ ಫೈಲನ್ನೂ ಇಟ್ಟುಕೊಳ್ಳಿ. ಸಿಡಿಗಳಿಗೂ ವಯಸ್ಸಾಗ್ತಿದೆ, ಬರೆದವರಿಗೂ ವಯಸ್ಸಾಗ್ತಿದೆ. ಈ ದೀಪಾವಳಿಗೆ ಊರಿಗೆ ಹೋದಾಗ ಅಟ್ಟದ ಮೇಲಿನ ಡಬ್ಬ ಒಮ್ಮೆ ಕೆಳಗಿಳಿಸಿ.

ನಿಮಗೆ ಏನು ಸಿಕ್ತು ಅಂತ ನನಗೂ ಹೇಳಿ. ಮುಂದಿನ ಮಾತಿನಲ್ಲಿ ಸಿಗೋಣ. ನಮಸ್ಕಾರ.