ಲೇಖನಿ ರೋಗಿಯ ಕೈಗೆ ಬಂದ ಬಗೆ

ಸಿನಿಮಾ ಹಾಡಿನ ಮಟ್ಟಿಗೆ ನಿಮ್ಮದೇ ಮಾತು ಜೋಡಿಸಿ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಅಣಕುಹಾಡು ಹಾಡಿದ್ದೀರಲ್ಲವೇ? ಅದೇ ಉಪಾಯ ಇಂದು ಹಲವು ದೇಶಗಳಲ್ಲಿ ಚಿಕಿತ್ಸೆಯ ಒಂದು ವಿಧಾನ ಎಂದರೆ ನಿಮಗೆ ಅಚ್ಚರಿಯಾಗಬಹುದು. ಅದು ಅಲ್ಲಿಗೆ ತಲುಪಿದ ದಾರಿ ದೀರ್ಘವಾದುದು.

1804ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ವೈದ್ಯ ವಿದ್ಯಾರ್ಥಿ ಎಡ್ವಿನ್ ಆಟ್ಲೀ, ರೋಗಗಳ ಮೇಲೆ ಸಂಗೀತದ ಪ್ರಭಾವ ಕುರಿತು ಪ್ರಬಂಧ ಬರೆದರು. ಆಗ ಸಂಗೀತವೂ ಔಷಧದಂತೆಯೇ: ಬೇರೆಯವರು ಕೊಡಬೇಕು, ರೋಗಿ ಸ್ವೀಕರಿಸಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಾಯಾಳು ಸೈನಿಕರ ಆಸ್ಪತ್ರೆಗಳಿಗೆ ಸಂಗೀತಗಾರರು ಹೋಗಿ ನುಡಿಸಿದರು. ಚೆನ್ನಾಗಿ ನುಡಿಸಿದರಷ್ಟೇ ಸಾಲದು, ರೋಗಿಯನ್ನು ಅರಿಯುವ ತರಬೇತಿಯೂ ಬೇಕೆಂಬುದು ಮನವರಿಕೆಯಾಯಿತು. 1944ರಲ್ಲಿ ಮಿಷಿಗನ್ನಿನಲ್ಲಿ, 1946ರಲ್ಲಿ ಕ್ಯಾನ್ಸಸ್‌ನಲ್ಲಿ ವಿಶ್ವವಿದ್ಯಾನಿಲಯ ಶಿಕ್ಷಣ ಆರಂಭವಾಯಿತು. 1950ರಲ್ಲಿ ರಾಷ್ಟ್ರೀಯ ಸಂಘ ಹುಟ್ಟಿತು.

1959ರಲ್ಲಿ ಇಂಗ್ಲೆಂಡಿನ ಸನ್‌ಫೀಲ್ಡ್‌ನಲ್ಲಿ ಅಮೆರಿಕದ ಸಂಗೀತ ರಚನಕಾರ ಪಾಲ್ ನಾರ್ಡಾಫ್ ಮತ್ತು ವಿಶೇಷ ಶಿಕ್ಷಕ ಕ್ಲೈವ್ ರಾಬಿನ್ಸ್ ಜೊತೆಗೂಡಿದರು. ಮಗು ಅತ್ತರೂ ಡ್ರಮ್ ಬಡಿದರೂ ಅದಕ್ಕೆ ಹೊಂದುವ ಸಂಗೀತವನ್ನು ನಾರ್ಡಾಫ್ ಪಿಯಾನೋದಲ್ಲಿ ಆ ಕ್ಷಣವೇ ಕಟ್ಟುತ್ತಿದ್ದರು. ಗಮನಿಸಿ: ಸಂಗೀತ ಇಲ್ಲಿ ಆ ಒಂದು ಮಗುವಿಗಾಗಿಯೇ ಹುಟ್ಟುತ್ತಿತ್ತು.

ಮುಂದಿನ ಹೆಜ್ಜೆ, ರೋಗಿಯೇ ಬರೆಯುವುದು. ಈ ಅನುಭವಗಳನ್ನು ಫೆಲಿಸಿಟಿ ಬೇಕರ್ ಮತ್ತು ಟೋನಿ ವಿಗ್ರಾಮ್ 2005ರಲ್ಲಿ ಒಂದು ಗ್ರಂಥವಾಗಿ ಸಂಪಾದಿಸಿದರು. ವಿಧಾನ ಸರಳ. ಮೊದಲು ಪರಿಚಿತ ಹಾಡಿನ ಕೆಲವು ಪದ ತೆಗೆದು, ಬಿಟ್ಟ ಸ್ಥಳ ತುಂಬಿಸುವುದು. ಆಮೇಲೆ ಹಳೆಯ ಮಟ್ಟಿಗೆ ಪೂರ್ತಿ ಹೊಸ ಮಾತು. ಕೊನೆಗೆ ಮಾತೂ ಮಟ್ಟೂ ರೋಗಿಯದೇ. ಮಿದುಳಿಗೆ ಪೆಟ್ಟಾದವರಿಗೆ ಇದು ಪದ ಹುಡುಕುವ, ಯೋಚನೆಯನ್ನು ಕ್ರಮವಾಗಿ ಜೋಡಿಸುವ ಅಭ್ಯಾಸ. ದುಃಖದಲ್ಲಿರುವವರಿಗೆ, ನೇರವಾಗಿ ಆಡಲಾಗದ ಮಾತಿಗೆ ಒಂದು ಆವರಣ.

ವಿಜ್ಞಾನ ಓದಿದ ನನಗೆ ಸಂದೇಹ ಬಂದದ್ದೂ ಇಲ್ಲಿಯೇ. ಮಾತ್ರೆಯಾದರೆ ಎಲ್ಲರಿಗೂ ಒಂದೇ. ಹಾಡು ಒಬ್ಬೊಬ್ಬರದು ಒಂದೊಂದು ಬಗೆ. ಅದರ ಗುಣವನ್ನು ಅಳೆಯುವುದು ಹೇಗೆ? ಅಳತೆ ಕಷ್ಟವೇ. ಆದ್ದರಿಂದಲೇ ಇದು ಔಷಧಕ್ಕೆ ಬದಲಿ ಎಂದು ನಂಬಬೇಡಿ. ಔಷಧದ ಜೊತೆಗೆ ನಡೆಯುವ ಕೆಲಸವಿದು. ಹಳೆಯ ಗಾಯ ಕೆದಕುವ ಅಪಾಯವೂ ಉಂಟು, ತರಬೇತಿ ಪಡೆದವರು ಪಕ್ಕದಲ್ಲಿರಬೇಕು.

ಅವರಿಗೂ ಒಂದು ಕಠಿಣ ಪರೀಕ್ಷೆ ಇದೆ. ಪ್ರಾಸ ತಪ್ಪಿದೆಯೆಂದು ಚಿಕಿತ್ಸಕರು ಸಾಲು ತಿದ್ದಿದರೆ ಹಾಡು ಚೆನ್ನಾಗಬಹುದು, ಆದರೆ ಅದು ರೋಗಿಯದಾಗಿ ಉಳಿಯದು. ನಾಳೆ ನಿಮ್ಮ ಗೆಳೆಯನೊಬ್ಬ ಅಳುಕುತ್ತ ತಾನು ಬರೆದ ನಾಲ್ಕು ಸಾಲು ತೋರಿಸಿದರೆ, ತಪ್ಪು ಹುಡುಕುವ ಮೊದಲು ಒಮ್ಮೆ ಪೂರ್ತಿ ಕೇಳಿ.