ಶಾನುಭೋಗರ ಪುಸ್ತಕದಿಂದ ಸರ್ವರ್‌ವರೆಗೆ: ಮೇಸ್ತ್ರಿ ಬಿದ್ದರೆ ಯಾರು ದಿಕ್ಕು?

“ಸರ್ವರ್ ಇಲ್ಲ, ನಾಳೆ ಬರ್ರಿ.” ಪಹಣಿಗೆ ಹೋಗಿ ಈ ಮಾತು ಕೇಳದ ರೈತರು ನಮ್ಮ ಕೊಟ್ಟೂರು ಕಡೆ ಕಡಿಮೆ. ಬಸ್ ಚಾರ್ಜೂ ಹೋಯಿತು, ಅವತ್ತಿನ ಕೂಲಿಯೂ ಹೋಯಿತು. ಈ ಸರ್ವರ್ ಅಷ್ಟು ದೂರ ಹೋದದ್ದು ಹೇಗೆ? ಅದಕ್ಕೊಂದು ಇತಿಹಾಸವಿದೆ.

ಹಿಂದೆ ಹೊಲದ ಲೆಕ್ಕ ಶಾನುಭೋಗರ ಮನೆಯಲ್ಲಿರುತ್ತಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ ಹೋಗಿ, ಪುಸ್ತಕ ಗ್ರಾಮ ಲೆಕ್ಕಿಗರ ಕೈಸೇರಿತು. ಗೆದ್ದಲು ಹತ್ತಿದರೆ ಕೆಡುತ್ತಿದ್ದದ್ದು ಒಂದೂರಿನ ಲೆಕ್ಕ.

2000ದ ಹೊತ್ತಿಗೆ ಕಂದಾಯ ಇಲಾಖೆಯ ‘ಭೂಮಿ’ ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಆಗ ಕೊಟ್ಟೂರು ಕೂಡ್ಲಿಗಿ ತಾಲ್ಲೂಕಿನಲ್ಲಿತ್ತು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಪಹಣಿ. ಯಂತ್ರ ಕೆಟ್ಟರೆ ತೊಂದರೆ ಒಂದು ತಾಲ್ಲೂಕಿಗೆ. ಮುಂದೆ ದಾಖಲೆಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಹೋದವು. ಈಗ ಅಲ್ಲಿ ಕೆಟ್ಟರೆ ಇಡೀ ರಾಜ್ಯವೇ ಕಾಯಬೇಕು.

ದೊಡ್ಡ ಡೇಟಾ ಸೆಂಟರ್‌ಗಳಲ್ಲಿ ಒಂದೇ ಯಂತ್ರದೊಳಗೆ ಹತ್ತಾರು ‘ವರ್ಚುವಲ್’ ಸರ್ವರ್‌ಗಳಿರುತ್ತವೆ, ಒಂದೇ ಮನೆಯಲ್ಲಿ ಗೋಡೆ ಹಾಕಿಕೊಂಡ ಅಣ್ಣತಮ್ಮಂದಿರಂತೆ. ಐಬಿಎಂ ಕಂಪನಿ ಇದನ್ನು 1972ರಲ್ಲೇ ಮಾರಾಟಕ್ಕೆ ತಂದಿತ್ತು. 2001ರಲ್ಲಿ ವಿಎಂವೇರ್ ಸಾಮಾನ್ಯ ಸರ್ವರ್‌ಗಳಿಗೂ ತಂದಿತು. ಇವನ್ನೆಲ್ಲ ನೋಡಿಕೊಳ್ಳಲು 2003ರಲ್ಲಿ ಒಬ್ಬ ‘ಮೇಸ್ತ್ರಿ’ ಬಂದ. ಅದೂ ಒಂದು ಸರ್ವರ್ರೇ. ಈಗ ಅದರ ಹೆಸರು ವಿಸೆಂಟರ್.

ಮೇಸ್ತ್ರಿ ಜ್ವರ ಬಂದು ಮಲಗಿದರೆ ಕೂಲಿಯವರು ಹಿಡಿದ ಕೆಲಸ ಬಿಡುವುದಿಲ್ಲ. ಹಾಗೆಯೇ ವಿಸೆಂಟರ್ ನಿಂತರೂ ನಡೆಯುತ್ತಿರುವ ಸರ್ವರ್‌ಗಳು ನಡೆಯುತ್ತಲೇ ಇರುತ್ತವೆ. ಆದರೆ ಹೊಸ ಸರ್ವರ್ ಕಟ್ಟಲು, ಭಾರ ಹೆಚ್ಚಾದ ಯಂತ್ರದಿಂದ ಇನ್ನೊಂದಕ್ಕೆ ಸಾಗಿಸಲು ಹೇಳುವವರೇ ಇರುವುದಿಲ್ಲ.

ಅದಕ್ಕೇ 2009ರಲ್ಲಿ ಮೇಸ್ತ್ರಿಗೊಬ್ಬ ಜೋಡಿಯನ್ನು ಕೊಡುವ ಸಾಫ್ಟ್‌ವೇರ್ ಬಂತು. 2016ರಲ್ಲಿ ಈ ವ್ಯವಸ್ಥೆ ವಿಸೆಂಟರ್‌ನೊಳಗೇ ಬಂದು, ಮೂವರಾದರು: ಕೆಲಸ ಮಾಡುವವನು, ತಯಾರಾಗಿ ನಿಂತವನು, ಒಬ್ಬ ಸಾಕ್ಷಿ. ನಡುವಿನ ತಂತಿ ಕಡಿದರೆ ಇಬ್ಬರೂ “ನಾನೇ ಮೇಸ್ತ್ರಿ” ಎಂದಾರು. ಆಗ ಸಾಕ್ಷಿ ಯಾರ ಜೊತೆಗಿದ್ದಾನೋ ಅವನದೇ ಮಾತು. ಈ ಮೂವರನ್ನೂ ಬೇರೆ ಬೇರೆ ಯಂತ್ರಗಳಲ್ಲಿಡಬೇಕು. ಒಂದೇ ಮನೆಯಲ್ಲಿ ಮಲಗಿಸಿದರೆ ಮಾಡು ಬಿದ್ದಾಗ ಮೂವರೂ ಹೋದಾರು. ಇಷ್ಟಾದರೂ ಲೆಕ್ಕದ ಬ್ಯಾಕಪ್ ಬೇರೆ ಕಡೆ ಇರಲೇಬೇಕು. ತಪ್ಪಾಗಿ ಅಳಿಸಿದ್ದು ಜೋಡಿಯಲ್ಲೂ ಅಳಿಸಿಹೋಗುತ್ತದೆ.

“ಸರ್ವರ್ ಇಲ್ಲ” ಅಂದಾಗಲೆಲ್ಲ ಮೇಸ್ತ್ರಿಯೇ ಬಿದ್ದಿರುವುದಿಲ್ಲ. ಕರೆಂಟು, ನೆಟ್ಟು, ಒಮ್ಮೆಲೇ ಬಂದ ಜನ, ಕಾರಣ ಏನೂ ಇರಬಹುದು. ಮುಂದಿನ ಸಲ ಯಾವುದು ಕೆಟ್ಟಿದೆ, ಯಾವಾಗ ಸರಿಹೋಗುತ್ತದೆ ಎಂದು ಕೇಳಿ. ಪುಸ್ತಕ ಶಾನುಭೋಗರ ಮನೆಯಲ್ಲಿದೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಪುಸ್ತಕ ದೂರ ಹೋಯಿತೆಂದು ನಾವು ಕೇಳುವುದನ್ನೂ ಬಿಡಬೇಕಿಲ್ಲ.